ಅಕ್ಕಲಕೋಟದಲ್ಲಿ ಮೆಗ್ನೀಶಿಯಂ ಕೊಟ್ಟ ದಿನಗಳು

ಶನಿವಾರ ಮಧ್ಯಾಹ್ನದ ಜರ್ನಲ್ ಮೀಟಿಂಗಿಗೆ ನಾವು ಹೆದರುತ್ತಿದ್ದಷ್ಟು ಲೇಬರ್ ರೂಮಿಗೂ ಹೆದರುತ್ತಿರಲಿಲ್ಲ. ಸೊಲ್ಲಾಪುರದ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ನಾನಾಗ ಎರಡನೆಯ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ. ಮೊದಮೊದಲು ಆ ಮೀಟಿಂಗ್ ಸುಖದ ಸಂಗತಿಯಾಗಿತ್ತು. ಒಬ್ಬರು ವಿದೇಶಿ ವೈದ್ಯಪತ್ರಿಕೆಯ ಲೇಖನವೊಂದರ ಸಾರಾಂಶವನ್ನು ಗಟ್ಟಿಯಾಗಿ ಓದುವುದು, ಉಳಿದವರು ತಲೆಯಾಡಿಸುವುದು, ಆಮೇಲೆ ಚಹಾ, ಭಜಿ. ನಮ್ಮ ವಿಭಾಗದ ಮೇಡಂ ಪರವೂರಿನಲ್ಲಿ ಒಂದು ತರಬೇತಿಗೆ ಹೋಗಿ ಬಂದರು. ಸಂಶೋಧನೆಯನ್ನು ಓದುವುದು ಹೇಗೆ, ಯಾವುದನ್ನು ನಂಬಬೇಕು, ಯಾವುದನ್ನು ನಂಬದೆ ಬದಿಗಿಡಬೇಕು ಎಂಬುದನ್ನು ಕಲಿಸುವ ತರಬೇತಿ ಅದು. ಅಲ್ಲಿಗೆ ನಮ್ಮ ಸುಖ ಮುಗಿಯಿತು.

ಅವರು ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದರು. ಈ ಅಧ್ಯಯನ ಹೇಳುವುದು ನಿಜವೋ? ನಿಜವಾದರೆ ಲಾಭ ಎಷ್ಟು? ನನ್ನ ಮುಂದಿರುವ ಪೇಶಂಟಿಗೆ ಅದು ಹೊಂದುತ್ತದೋ? ಬರೆದು, "ಈ ಮೂರಕ್ಕ ಉತ್ತರ ಹೇಳೂತನಕ ಯಾರಿಗೂ ಚಾ ಇಲ್ಲ" ಎಂದರು. ನಗುತ್ತಲೇ ಹೇಳಿದ ಮಾತು. ಆದರೆ ಮೊದಲ ಶನಿವಾರವೇ ನನಗಿಂತ ಹಿರಿಯನೊಬ್ಬ ಮುಖ ಕಪ್ಪಿಟ್ಟುಕೊಂಡು ವೇದಿಕೆ ಇಳಿದ. ಮುಂದಿನ ವಾರ ನನ್ನ ಸರದಿ ಬಂತು.

ನನಗೆ ಬಂದದ್ದು ಎಕ್ಲಾಂಪ್ಸಿಯಾದ ಮೇಲಿನ ಒಂದು ದೊಡ್ಡ ಅಧ್ಯಯನ. ಬಸುರಿಯರಿಗೆ ರಕ್ತದ ಒತ್ತಡ ಏರಿ, ಮೈ ಬಾತು, ಕೊನೆಗೆ ಫಿಟ್ಸ್ ಬರುವ ಕಾಯಿಲೆ ಅದು. ನಮ್ಮ ಹಳ್ಳಿಯವರು ಅದನ್ನು ಝಟಕಾ ಎನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಡಯಾಜಿಪಾಮ್ ಎಂಬ ನಿದ್ದೆಯ ಔಷಧ ಕೊಡುತ್ತಿದ್ದರು, ಇಲ್ಲವೇ ಮೂರು ನಿದ್ದೆಯ ಔಷಧ ಬೆರೆಸಿದ ಒಂದು ಮಿಶ್ರಣ. ಅಧ್ಯಯನದಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಡಯಾಜಿಪಾಮನ್ನು ಮೆಗ್ನೀಶಿಯಂ ಸಲ್ಫೇಟಿನ ಜೊತೆ ಹೋಲಿಸಿ ನೋಡಿದ್ದವು. ಮುಂಬಯಿಯಿಂದ ತರಿಸಿದ ಝೆರಾಕ್ಸ್ ಪ್ರತಿಯ ಅಂಚಿನ ಅಕ್ಷರಗಳು ಮಾಸಿದ್ದವು. ನಾನು ಅದನ್ನು ಬಾಯಿಪಾಠದಂತೆ ಓದಿಕೊಂಡು ಹೋಗಿದ್ದೆ.

"ಯಾರಿಗೆ ಯಾವ ಔಷಧ ಅಂತ ಹ್ಯಾಂಗ ಠರಾಯ್ಸಿದ್ರು?" ಎಂದು ಮೇಡಂ ಕೇಳಿದರು.

"ಚೀಟಿ ಎತ್ತಿದಂಗ, ಮೇಡಂ."

"ಚೀಟಿ ಎತ್ತೂಕಿಂತ ಮೊದಲ ಒಳಗ ಏನದ ಅಂತ ಡಾಕ್ಟರಿಗೆ ಗೊತ್ತಿತ್ತೇನು?"

ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಮೇಡಂ ನಮ್ಮ ವಾರ್ಡಿನದೇ ಉದಾಹರಣೆ ಕೊಟ್ಟರು. ಸಮ ತಾರೀಖಿಗೆ ಒಂದು ಔಷಧ, ಬೆಸ ತಾರೀಖಿಗೆ ಇನ್ನೊಂದು ಎಂದು ಹಿಂದೆ ಇಲ್ಲಿ ಯಾರೋ ಪ್ರಯೋಗ ಮಾಡಿದ್ದರಂತೆ. ಇವತ್ತು ಯಾವ ಔಷಧದ ಸರದಿ ಎಂಬುದು ಎಲ್ಲರಿಗೂ ಗೊತ್ತು. ತನಗೆ ಮೆಚ್ಚಿಗೆಯಾದ ಔಷಧದ ದಿನ ಬರಲಿ ಎಂದು ಡಾಕ್ಟರು ಪೇಶಂಟನ್ನು ಕಾಯಿಸಬಹುದು. ತೀರಾ ಕೆಟ್ಟಿರುವವರನ್ನು ಇನ್ನೊಂದು ಕಡೆ ತಳ್ಳಬಹುದು. ಬೇಕೆಂದು ಮಾಡಬೇಕಾಗಿಲ್ಲ, ಕೈ ತಾನಾಗಿ ಆ ಕಡೆ ಹೋಗುತ್ತದೆ. ಈ ಅಧ್ಯಯನದಲ್ಲಿ ಮುಚ್ಚಿದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಮುಂದಿನ ಪೆಟ್ಟಿಗೆ ಒಡೆದ ಮೇಲಷ್ಟೇ ಔಷಧ ಯಾವುದೆಂದು ತಿಳಿಯುತ್ತಿತ್ತು. ಪೆಟ್ಟಿಗೆ ಒಡೆದೂ ಔಷಧ ಕೊಡಲಾಗದೆ ಹೋದ ಹೆಂಗಸರನ್ನೂ ಅದೇ ಗುಂಪಿನಲ್ಲಿ ಎಣಿಸಿದ್ದರು. ಈ ಎರಡು ಸಾಲನ್ನು ಹುಡುಕಿ ಓದಲು ಮೇಡಂ ನನಗೆ ಬಹಳ ಹೊತ್ತು ಕೊಟ್ಟರು. ಹಿಂದಿನ ಬೆಂಚಿನವರು ಕಿಟಕಿಯ ಕಡೆ ನೋಡುತ್ತಿದ್ದರು.

ಮೆಗ್ನೀಶಿಯಂ ಗುಂಪಿನಲ್ಲಿ ಫಿಟ್ಸ್ ಮರಳಿ ಬಂದದ್ದು ಸ್ಪಷ್ಟವಾಗಿ ಕಡಿಮೆ. ಅದನ್ನು ಹೇಳುವಾಗ ನನ್ನ ದನಿಗೆ ಸ್ವಲ್ಪ ಧೈರ್ಯ ಬಂತು. "ಸಾವೂ ಕಮ್ಮಿ ಮೇಡಂ" ಎಂದು ಸೇರಿಸಿದೆ.

"ಆ ಫರಕ ತಾನ ತಾನ ಬಂದಿರಬಹುದೇನು? ಗೆರಿ ನೋಡು."

ಚಿತ್ರದಲ್ಲಿ ಸಾವಿನ ಗೆರೆ, ಎರಡೂ ಔಷಧ ಸಮ ಎಂದು ತೋರಿಸುವ ನಡುವಿನ ಗೀಟನ್ನು ದಾಟಿ ಆಚೆಗೂ ಚಾಚಿತ್ತು. ಆಕಸ್ಮಿಕವೂ ಇರಬಹುದು ಎಂದು ಅದರರ್ಥ. ಫಿಟ್ಸ್ ಮರಳುವುದನ್ನು ಈ ಔಷಧ ಕಡಿಮೆ ಮಾಡುತ್ತದೆ, ಎಲ್ಲರಲ್ಲೂ ನಿಲ್ಲಿಸುವುದಿಲ್ಲ. ಜೀವ ಉಳಿಸುತ್ತದೆ ಎಂದು ಖಾತ್ರಿಯಾಗಿ ಹೇಳಲು ಬರುವುದಿಲ್ಲ. ಇಷ್ಟನ್ನು ನನ್ನ ಬಾಯಿಂದಲೇ ಹೇಳಿಸಿ ಮೇಡಂ ಮೂರನೆಯ ಪ್ರಶ್ನೆಗೆ ಬಂದರು. ನಮ್ಮ ದೇಶದ ಆಸ್ಪತ್ರೆಗಳೂ ಇದರಲ್ಲಿದ್ದವು, ಹಾಗಾಗಿ ನಮಗೆ ಹೊಂದುತ್ತದೆ ಎಂದೆ.

"ಅವು ದೊಡ್ಡ ದವಾಖಾನಿ. ಪೇಶಂಟ್ ಬಾಜೂಕ ಕುಂತು ನೋಡವ್ರು ಇದ್ರು. ನೋಡವ್ರು ಇಲ್ಲದ ಜಾಗಾದಾಗ ಏನ್ ಮಾಡ್ತಿ?"

ಎರಡು ಪ್ರಶ್ನೆಗೆ ಉತ್ತರ ಹೇಳಿದ್ದಕ್ಕೆ ಅವತ್ತು ಚಹಾ ಸಿಕ್ಕಿತು, ಮೂರನೆಯದು ಉಳಿದದ್ದಕ್ಕೆ ಭಜಿ ಸಿಗಲಿಲ್ಲ.

ಮರುತಿಂಗಳು ನನ್ನನ್ನು ಅಕ್ಕಲಕೋಟದ ಒಂದು ಟ್ರಸ್ಟ್ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಲೇಡಿ ಡಾಕ್ಟರು ಹೆರಿಗೆಯ ರಜೆಯ ಮೇಲಿದ್ದರು. ಸೊಲ್ಲಾಪುರದಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಅಲ್ಲಿನ ಮಠಕ್ಕೆ ಹೋಗುವ ಭಕ್ತರ ನಡುವೆ ನಿಂತುಕೊಂಡು ಹೋಗಬೇಕು. ಆಸ್ಪತ್ರೆ ಎಂದರೆ ಎರಡು ವಾರ್ಡು, ಒಂದು ಆಪರೇಷನ್ ಥಿಯೇಟರು, ಒಬ್ಬ ಹಿರಿಯ ಡಾಕ್ಟರು, ಒಬ್ಬ ಸಿಸ್ಟರು, ಮೂವರು ಆಯಾಗಳು. ಹಿರಿಯ ಡಾಕ್ಟರನ್ನು ಎಲ್ಲರೂ ಸರ್ ಎನ್ನುತ್ತಿದ್ದರು. ಊರಿನ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು. ಮಾತು ಕಡಿಮೆ, ಕೈ ಚುರುಕು.

ಎರಡನೆಯ ದಿನ ನಾನು ಅವರಿಗೆ ಆ ಅಧ್ಯಯನದ ಪ್ರತಿ ತೋರಿಸಿದೆ. ಕನ್ನಡಕ ಏರಿಸಿ ನೋಡಿ ಮರಳಿ ಕೊಟ್ಟರು.

"ನಾ ಹೊಸಾ ಡಾಕ್ಟರ್ ಇದ್ದಾಗ ಒಮ್ಮೆ ಕೊಟ್ಟಿದ್ದೆ, ಈ ಮೆಗ್ನೀಶಿಯಂ" ಎಂದರು. "ಝಟಕಾ ನಿಂತ್ವು. ಆಮೇಲೆ ಉಸಿರೂ ನಿಂತ್ತು. ನನ್ನ ಕಣ್ಣ ಮುಂದನ. ಅವತ್ತಿಂದ ಅದರ ಗೊಡವಿಗೆ ಹೋಗಿಲ್ಲ."

ಅದು ಪುಸ್ತಕದಲ್ಲೂ ಇದ್ದ ಮಾತು. ಮೈಯಲ್ಲಿ ಮೆಗ್ನೀಶಿಯಂ ಹೆಚ್ಚಾದರೆ ಮಂಡಿ ತಟ್ಟಿದಾಗ ಕಾಲು ಎಗರುವ ಚಿಮ್ಮು ಮೊದಲು ಹೋಗುತ್ತದೆ, ಆಮೇಲೆ ಉಸಿರು. ಹೊರಗೆ ಹೋಗುವುದು ಮೂತ್ರದಲ್ಲಿ ಮಾತ್ರ. ಹಾಗಾಗಿ ಪ್ರತಿ ಡೋಸಿಗೂ ಮೊದಲು ಮಂಡಿ ತಟ್ಟಿ ನೋಡಬೇಕು, ಉಸಿರು ಎಣಿಸಬೇಕು, ಮೂತ್ರ ಅಳೆಯಬೇಕು. ಕೆಟ್ಟರೆ ಕೊಡಲು ಕ್ಯಾಲ್ಸಿಯಂ ಸೂಜಿ ತುಂಬಿ ಇಟ್ಟಿರಬೇಕು. ನೋಡುವವರಿದ್ದರೆ ಔಷಧ, ಇಲ್ಲದಿದ್ದರೆ ವಿಷ. ನನಗೆ ಮೇಡಂ ಕೇಳಿದ್ದು ಈಗ ಅರ್ಥವಾಯಿತು.

ಸರ್ ಹೊರಡುವಾಗ ಬಾಗಿಲಲ್ಲಿ ನಿಂತು, "ಕೊಡೂದಾದ್ರ ಕೊಡು. ನಾ ಅಡ್ಡ ಬರಂಗಿಲ್ಲ. ಖರೇ, ಪೇಶಂಟ್ ಬಿಟ್ಟು ಏಳಬಾರದು" ಎಂದರು.

ಆ ಭಾನುವಾರ ಸೊಲ್ಲಾಪುರದ ಮನೆಗೆ ಹೋದಾಗ ಔಷಧದ ಅಂಗಡಿಯಿಂದ ಮೆಗ್ನೀಶಿಯಂ ಮತ್ತು ಕ್ಯಾಲ್ಸಿಯಂ ಆಂಪೂಲುಗಳನ್ನು ತಂದೆ. ನಮ್ಮ ಅಪ್ಪ ಕೋರ್ಟಿನಲ್ಲಿ ಹೆಡ್ ಕ್ಲಾರ್ಕ್. ಜೀವನವಿಡೀ ಮೇಲಿನವರ ಸಹಿಗೆ ಕಾದ ಮನುಷ್ಯ. ಊಟಕ್ಕೆ ಕುಳಿತಾಗ ಅವನಿಗೆ ವಿಷಯ ಹೇಳಿದೆ. "ಆ ಊರಾಗ ನಿನ್ನ ಗುರ್ತು ಯಾರಿಗೂ ಇಲ್ಲ" ಎಂದ. "ಏನರ ಆದ್ರ ಹಿರಿಯಾರು ಮಾಡಿದ್ದು ತಪ್ಪು ಅನ್ನಾಂಗಿಲ್ಲ ಮಂದಿ. ಹೊಸಾಕಿ ಮಾಡಿದ್ದು ತಪ್ಪು ಅಂತಾರ." ಅವ್ವ ನನ್ನ ತಟ್ಟೆಗೆ ಇನ್ನೊಂದು ಭಕ್ಕರಿ ಹಾಕಿದಳು.

ಸೋಮವಾರದಿಂದ ಸಿಸ್ಟರ್ ಮತ್ತು ನಾನು ತಾಲೀಮು ಶುರು ಮಾಡಿದೆವು. ಆಂಪೂಲಿನ ಬದಲು ಡಿಸ್ಟಿಲ್ಡ್ ವಾಟರ್ ಒಡೆದು, ಸಿರಿಂಜಿಗೆ ತುಂಬಿ, ಗಡಿಯಾರ ನೋಡಿಕೊಂಡು ನಿಧಾನ ಒತ್ತುವುದು. ಸಲೈನಿಗೆ ಬೆರೆಸಿ ಎಷ್ಟಕ್ಕೆ ಎಷ್ಟು ಎಂದು ಬಾಯಲ್ಲಿ ಹೇಳಿಕೊಳ್ಳುವುದು. ನರಕ್ಕೆ ಕೊಡುವುದು ತಿಳಿಯಾಗಿರಬೇಕು, ಕುಂಡಿಗೆ ಕೊಡುವುದು ಗಟ್ಟಿ. ಅದಲುಬದಲಾದರೆ ಪೇಶಂಟು ಮೇಜಿನ ಮೇಲೆಯೇ ಹೋಗಬಹುದು. ನನ್ನ ರಬ್ಬರಿನ ಸುತ್ತಿಗೆಯಿಂದ ಒಬ್ಬರ ಮಂಡಿ ಒಬ್ಬರು ತಟ್ಟಿಕೊಂಡೆವು. ಬಾಣಂತಿಯರು ನಗುತ್ತಿದ್ದರು. ಸಿಸ್ಟರ್ ನಗಲಿಲ್ಲ. "ನಮ್ಮ ಕೈ ಎರಡು, ಖಾಟ್ ತುಂಬ ಪೇಶಂಟು. ಯಾರು ಕುಂಡ್ರವ್ರು ಡಾಕ್ಟರ್?" ಎಂದರು. ಅಂಥ ಪೇಶಂಟು ಬಂದರೆ ನಾನು ಏಳುವುದಿಲ್ಲ, ಉಳಿದ ವಾರ್ಡು ಅವರು ನೋಡಬೇಕು, ಒ.ಪಿ.ಡಿ. ಸರ್ ನೋಡಬೇಕು ಎಂದು ಮಾತಾಯಿತು. ಸರ್ ಹೂಂ ಎಂದರು. ಅಂಥ ಪೇಶಂಟು ಬರದಿರಲಿ ಎಂದು ನಾನು ದಿನವೂ ಬೇಡಿಕೊಳ್ಳುತ್ತಿದ್ದೆ.

ಬಂದಳು. ಮುಂಜಾನೆಯ ಒ.ಪಿ.ಡಿ. ನಡೆದಿತ್ತು. ಹನ್ನೂರಿನ ಕಡೆಯಿಂದ ಒಂದು ಟೆಂಪೋ ಒಳಗೇ ನುಗ್ಗಿ ನಿಂತಿತು. ಚೊಚ್ಚಿಲ ಬಸುರಿ, ತುಂಬಿದ ತಿಂಗಳು. ಮುಖ ಗುರುತು ಸಿಗದಷ್ಟು ಬಾತಿತ್ತು. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಸ್ಟ್ರೆಚರಿಗೆ ಹಾಕುವಾಗಲೇ ಇನ್ನೊಂದು ಫಿಟ್ ಬಂತು. ಅವಳ ಅತ್ತೆ ಸೆರಗಿನಿಂದ ಅವಳ ಬಾಯಿ ಒರೆಸುತ್ತ, "ದಾರ್‍ಯಾಗ ಮೂರು ಸಲ ಬಂದಾವ್ರೀ ಡಾಕ್ಟರಬಾಯಿ" ಎಂದಳು.

ಸರ್ ಥಿಯೇಟರಿನಲ್ಲಿ ಕುಟುಂಬ ಯೋಜನೆಯ ಆಪರೇಷನ್ನಿಗೆ ಕೈ ತೊಳೆದುಕೊಂಡಾಗಿತ್ತು. ಆಯಾ ಹೋಗಿ ಹೇಳಿ ಬಂದಳು. "ಡಯಾಜಿಪಾಮ್ ಹಚ್ಚ್ರಿ ಅಂದ್ರು, ನಿಮಗ ಬ್ಯಾರೆ ಮಾಡೂದಿದ್ರ ನೀವ ನೋಡ್ಕೋರಿ ಅಂದ್ರು."

ಎರಡೂ ಔಷಧ ಒಂದೇ ಟ್ರೇಯಲ್ಲಿದ್ದವು. ಸಿಸ್ಟರ್ ನನ್ನ ಮುಖ ನೋಡುತ್ತಿದ್ದರು. ಡಯಾಜಿಪಾಮ್ ಕೊಟ್ಟು ಕೆಟ್ಟರೆ ಯಾರೂ ನನ್ನನ್ನು ಕೇಳುವುದಿಲ್ಲ. ಇನ್ನೊಂದನ್ನು ಕೊಟ್ಟು ಕೆಟ್ಟರೆ ಕೇಳುವವರು ಎಲ್ಲರೂ. ನನ್ನನ್ನು ತಡೆಯುತ್ತಿದ್ದದ್ದು ಆ ಹುಡುಗಿಯ ಜೀವದ ಚಿಂತೆಯೋ ನನ್ನ ಹೆಸರಿನ ಚಿಂತೆಯೋ ಎಂದು ಒಂದು ಕ್ಷಣ ಯೋಚಿಸಿದೆ. ಉತ್ತರ ಗೊತ್ತಾದ ಕೂಡಲೇ ನಾಚಿಕೆಯಾಯಿತು. "ಮೆಗ್ನೀಶಿಯಂ ಒಡೀರಿ" ಎಂದೆ.

ಅತ್ತೆಗೆ ಹೇಳದೆ ಕೊಡಲು ಮನಸ್ಸು ಬರಲಿಲ್ಲ. "ಝಟಕಾ ತಡಿಯಾಕ ಇದು ಚಲೋ ಔಷಧ ರೀ. ಆದ್ರ ಹೆಚ್ಚಾದ್ರ ಉಸಿರಿಗೆ ತ್ರಾಸ ಆಗ್ತದ. ನಾ ಇಲ್ಲೇ ಕುಂತು ನೋಡ್ತೀನಿ."

"ನೀವು ಕುಂಡ್ರತೀರಿ ಹೌದಲ್ರಿ?" ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮೊಣಕೈಯನ್ನು ಖಾಟಿಗೆ ಊರಿ, ಗಡಿಯಾರ ನೋಡುತ್ತ ನರಕ್ಕೆ ನಿಧಾನ ಒತ್ತಿದೆ. ಔಷಧ ಹೋದಂತೆ ಹುಡುಗಿಯ ಮುಖ ಕೆಂಪಾಯಿತು, ಮೈ ಬೆವರಿತು. ಹಾಗಾಗುತ್ತದೆ ಎಂದು ಓದಿದ್ದೆ. ಓದಿದ್ದು ಆಗ ನೆನಪಿಗೆ ಬರಲಿಲ್ಲ, ಒತ್ತುವುದನ್ನು ಅರೆಕ್ಷಣ ನಿಲ್ಲಿಸಿದೆ. ಆಮೇಲೆ ಎರಡೂ ಕುಂಡಿಗೆ ಆಳವಾಗಿ ಚುಚ್ಚಿದೆ. ಮೂತ್ರದ ನಳಿಕೆ ಹಾಕಿದೆವು. ಒತ್ತಡ ಇಳಿಸಲು ನಾಲಿಗೆಯ ಕೆಳಗೆ ನಿಫೆಡಿಪಿನ್. ಕಿಟಕಿಗೆ ಪರದೆ. ನಾನು ಸ್ಟೂಲು ಎಳೆದುಕೊಂಡು ಕುಳಿತೆ.

ಅರ್ಧ ತಾಸಿನ ಮೇಲೆ ಅವಳಿಗೆ ಮತ್ತೆ ಫಿಟ್ ಬಂತು.

ಅತ್ತೆ ಗೋಡೆಗೆ ಒರಗಿದಳು. ಆಯಾ ಓಡಿಹೋಗಿ ಸರ್‌ರನ್ನು ಕರೆದಳು. ಅವರು ಗ್ಲೌಸ್ ಹಾಕಿದ ಕೈ ಮೇಲೆತ್ತಿಕೊಂಡೇ ಬಾಗಿಲಿಗೆ ಬಂದರು.

"ನಿಂದರಲಿಲ್ಲಲಾ?" ಎಂದರು. "ಮ್ಯಾಲೆ ಡಯಾಜಿಪಾಮ್ ಕೊಡು."

ಟ್ರೇಯ ಕಡೆ ನನ್ನ ಕೈ ಹೋಯಿತು. ಆಗ ಆ ಶನಿವಾರ ಮೇಡಂ ನನ್ನ ಬಾಯಿಂದಲೇ ಹೇಳಿಸಿದ ಮಾತು ನೆನಪಾಯಿತು. ಕಡಿಮೆ ಮಾಡುತ್ತದೆ, ಎಲ್ಲರಲ್ಲೂ ನಿಲ್ಲಿಸುವುದಿಲ್ಲ. ಒಂದು ಫಿಟ್ ಮರಳಿತೆಂದರೆ ಔಷಧ ಸೋತಿತು ಎಂದಲ್ಲ. ಇದರ ಮೇಲೆ ನಿದ್ದೆಯ ಔಷಧ ಹೇರಿದರೆ ಉಸಿರು ಇನ್ನಷ್ಟು ಕುಗ್ಗಬಹುದು. ಫಿಟ್ ಮರಳಿದರೆ ನರಕ್ಕೆ ಇನ್ನೊಂದು ಸಣ್ಣ ಡೋಸು ಎಂದು ಅಧ್ಯಯನದ ಡೋಸಿನ ಕ್ರಮದಲ್ಲೇ ಬರೆದಿತ್ತು.

"ಸರ್, ಇದನ್ನ ಇನ್ನೊಂದಿಷ್ಟು ಕೊಡ್ತೀನ್ರಿ. ಕೊಡಾಕ ಬರ್ತದ. ಎರಡೂ ಕೂಡಿಸೂದು ಬ್ಯಾಡ."

ಅವರು ನನ್ನನ್ನೇ ನೋಡಿದರು. ತಡೆಯುತ್ತಾರೆ ಎಂದುಕೊಂಡೆ, ತಡೆದರೆ ಒಳ್ಳೆಯದೆಂದೂ ಒಳಗೊಳಗೇ ಅಂದುಕೊಂಡೆ. "ನಿನ್ನ ಪೇಶಂಟ್" ಎಂದು ಹೇಳಿ ಹೋದರು.

ಕೊಟ್ಟೆ. ಫಿಟ್ಸ್ ಮತ್ತೆ ಬರಲಿಲ್ಲ. ಮಧ್ಯಾಹ್ನದ ಬಿಸಿಲು ಪರದೆಯ ಸಂದಿಯಿಂದ ಒಳಗೆ ಬಿದ್ದಿತ್ತು. ಕರೆಂಟು ಹೋಗಿತ್ತು. ನಾನು ಅವಳ ಎದೆಯ ಏರಿಳಿತ ಎಣಿಸುತ್ತ, ಮಂಡಿ ತಟ್ಟುತ್ತ, ಮತ್ತೆ ಎಣಿಸುತ್ತ ಕುಳಿತಿದ್ದೆ. ಎದ್ದರೆ ಎಲ್ಲಿ ಉಸಿರು ನಿಲ್ಲುತ್ತದೋ ಎಂದು ನೀರು ಕುಡಿಯಲೂ ಏಳಲಿಲ್ಲ.

ಮುಂದಿನ ಡೋಸಿನ ಹೊತ್ತಿಗೆ ಸಿಸ್ಟರ್ ಸಿರಿಂಜು ತಂದು, "ಟೈಮ್ ಆತ್ರಿ" ಎಂದರು. ಮಂಡಿ ತಟ್ಟಿದೆ. ಕಾಲು ಚಿಮ್ಮಲಿಲ್ಲ. ಇನ್ನೊಂದು ಮಂಡಿ. ಅದೂ ಇಲ್ಲ. ಮೂತ್ರದ ಚೀಲದಲ್ಲಿ ಬರಬೇಕಾದಷ್ಟು ಬಂದಿರಲಿಲ್ಲ. ಉಸಿರು ಮಾತ್ರ ಸರಿಯಾಗಿ ನಡೆದಿತ್ತು. ನಾನು ಕ್ಯಾಲ್ಸಿಯಂ ಸೂಜಿಯನ್ನು ಕೈಗೆತ್ತಿಕೊಂಡೆ. ಇನ್ನು ನಿಲ್ಲುವುದು ಉಸಿರು ಎಂದು ಮನಸ್ಸು ಹೇಳುತ್ತಿತ್ತು. ಆಪರೇಷನ್ ಮುಗಿಸಿ ಬಂದ ಸರ್ ನನ್ನ ಕೈ ನೋಡಿದರು.

"ಕಾಲು ಬಿಗಿ ಹಿಡದಾಳ" ಎಂದರು. ತಮ್ಮ ಮುಂಗೈಯನ್ನು ಅವಳ ಎರಡೂ ಮಂಡಿಯ ಕೆಳಗೆ ತೂರಿಸಿ, ಕಾಲನ್ನು ಸಡಿಲವಾಗಿ ತೂಗಬಿಟ್ಟರು. "ಈಗ ಹೊಡಿ."

ಹೊಡೆದೆ. ಪಾದ ಸಣ್ಣಗೆ ಅಲುಗಿತು. ಇತ್ತು, ಆದರೆ ಮಂದವಾಗಿತ್ತು. ಸಿಸ್ಟರ್ ಬಗ್ಗಿ ನೋಡಿ ನಳಿಕೆ ಅವಳ ತೊಡೆಯ ಕೆಳಗೆ ಮಡಚಿದ್ದನ್ನು ಬಿಡಿಸಿದರು. ಚೀಲಕ್ಕೆ ಮೂತ್ರ ಇಳಿಯತೊಡಗಿತು. ಆದರೂ ಡೋಸನ್ನು ಮುಂದಕ್ಕೆ ಹಾಕಿದೆ. ಚಿಮ್ಮು ಚೆನ್ನಾಗಿ ಬರುವ ತನಕ ಕಾದು ಆಮೇಲೆ ಕೊಟ್ಟೆ. ಸರ್ ಇನ್ನೊಂದು ಸ್ಟೂಲು ತಂದು ಬದಿಗೆ ಕುಳಿತಿದ್ದರು. ತಮ್ಮಷ್ಟಕ್ಕೆ ಎಂಬಂತೆ ಮಾತಾಡಿದರು.

"ಅವತ್ತಿನ ನನ್ನ ಪೇಶಂಟಿಗೆ ಮೂತ್ರ ಬರಾಕತ್ತಿತ್ತೋ ಇಲ್ಲೋ, ಯಾರೂ ನೋಡಿರಲಿಲ್ಲ. ನಳಿಕಿನ ಹಾಕಿರಲಿಲ್ಲ."

ನಾನು ಅವರ ಕಡೆ ತಿರುಗಲಿಲ್ಲ. ತಿರುಗಿದರೆ ಅವರು ಮುಜುಗರಪಡುತ್ತಾರೆ ಅನ್ನಿಸಿತು.

ಸಂಜೆಗೆ ಸರ್ ಚಿಮಟ ಹಾಕಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ಸಣ್ಣದು. ತಡೆದು ತಡೆದು ಅತ್ತಿತು. ಮರುದಿನ ಹುಡುಗಿ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ನಾ ಇಲ್ಲಿ ಯಾವಾಗ ಬಂದೀನ್ರಿ?" ಟೆಂಪೋ ಏರಿದ್ದೂ ಅವಳಿಗೆ ನೆನಪಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಬೆಲೆ ಏರಿತು. ಸಿಸ್ಟರ್ ಬಂದವರಿಗೆಲ್ಲ ಕಥೆ ಹೇಳಿದರು. ಹನ್ನೂರಿನ ಅತ್ತೆ ಸುತ್ತಲ ಹಳ್ಳಿಗೆಲ್ಲ ಹೇಳಿದಳು. ಸರ್ ಟ್ರೇಯಿಂದ ಡಯಾಜಿಪಾಮ್ ತೆಗೆಸಿ ಒಳಗಿಡಿಸಿ, "ಇನ್ನ ಮುಂದ ಇದ" ಎಂದರು. ಶನಿವಾರ ಸೊಲ್ಲಾಪುರಕ್ಕೆ ಹೋಗಿ ಮೇಡಂ ಎದುರು ನಿಂತಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅವರು ಪೂರ್ತಿ ಕೇಳಿದರು.

"ಮೆಗ್ನೀಶಿಯಂ ಕೆಲಸ ಮಾಡ್ತದ ಅಂತ ಗೊತ್ತಾತೇನು?"

"ಹೌದು ಮೇಡಂ."

"ಒಂದು ಪೇಶಂಟಿನಾಗ? ಡಯಾಜಿಪಾಮ್ ಕೊಟ್ಟಿದ್ರೂ ಆಕಿ ಉಳೀತಿದ್ಲೇನೋ."

ನನ್ನ ಮುಖ ಇಳಿದಿರಬೇಕು. ಮೇಡಂ ದನಿ ಮೆತ್ತಗಾಯಿತು. "ಕೆಲಸ ಮಾಡ್ತದ ಅನ್ನೂದು ಆ ಅಧ್ಯಯನದಾಗಿನ ನೂರಾರು ಹೆಣ್ಮಕ್ಕಳು ಹೇಳ್ಯಾರ. ಅಲ್ಲಿ ಅದನ್ನ ನೆಟ್ಟಗ ಕೊಡಾಕ ಬರ್ತದ ಅನ್ನೂದು ನೀ ತೋರ್ಸಿದಿ. ಎರಡೂ ಬ್ಯಾರೆ. ಕೂಡಿಸಬ್ಯಾಡ."

ಆ ಮಾತು ನನಗೆ ಆಗ ರುಚಿಸಲಿಲ್ಲ. ಹೊಗಳಬಹುದಿತ್ತು ಅನ್ನಿಸಿತು.

ಕೆಲವು ವಾರಗಳ ಮೇಲೆ ಕರ್ನಾಟಕದ ಗಡಿಗೆ ಹತ್ತಿದ ಒಂದು ಹಳ್ಳಿಯಿಂದ ಇನ್ನೊಬ್ಬಳು ಬಂದಳು. ತವರಿಗೆ ಬಂದಿದ್ದ ಮೂರನೆಯ ಬಾರಿಯ ಬಸುರಿ. ನಸುಕಿನಿಂದಲೂ ಝಟಕಾ ಬರುತ್ತಿದ್ದವು. ಗಾಡಿ ಸಿಗುವುದು ತಡವಾಗಿತ್ತು. ಕರೆದುಕೊಂಡು ಬಂದವನು ಅವಳ ಅಣ್ಣ, ದೂಳು ಮೆತ್ತಿದ ಬಿಳಿ ಅಂಗಿಯ ಎತ್ತರದ ಆಳು. ಅವಳಿಗೆ ಪ್ರಜ್ಞೆ ಇರಲಿಲ್ಲ. ಚಿವುಟಿದರೆ ಬಲಗೈ ಎಳೆದುಕೊಳ್ಳುತ್ತಿದ್ದಳು, ಎಡಗೈ ಬಿದ್ದಲ್ಲೇ ಇತ್ತು. ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿರಬೇಕೆಂದು ಸರ್ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಹನ್ನೂರ ಹುಡುಗಿಗೆ ಕೊಟ್ಟ ಔಷಧ ಕೊಡ್ರಿ ಡಾಕ್ಟರಬಾಯಿ" ಎಂದ ಅಣ್ಣ. "ಅದಕ್ಕಂತನ ಸೊಲ್ಲಾಪುರಕ್ಕ ಹೋಗದ ಇಲ್ಲಿ ಬಂದೀನಿ."

ಕ್ರಮ ಬಿಡದೆ ಎಲ್ಲ ಮಾಡಿದೆವು. ಮೆಗ್ನೀಶಿಯಂ ಕೊಟ್ಟ ಮೇಲೆ ಒಂದೂ ಫಿಟ್ ಬರಲಿಲ್ಲ. ಮಂಡಿ ಚಿಮ್ಮುತ್ತಿತ್ತು, ಮೂತ್ರ ಬರುತ್ತಿತ್ತು. ಒತ್ತಡ ಮಾತ್ರ ಇಳಿಯಲೊಲ್ಲದು. ಸೊಲ್ಲಾಪುರಕ್ಕೆ ಕಳಿಸಲು ಗಾಡಿ ತರಿಸಿದೆವು. ಗಾಡಿ ಬಾಗಿಲಿಗೆ ಬರುವಷ್ಟರಲ್ಲಿ ಎರಡನೆಯ ಪಾಪೆಯೂ ಅಗಲವಾಯಿತು. ಮಧ್ಯಾಹ್ನದೊಳಗೆ ತಾಯಿ ಹೋದಳು. ಮಗುವಿನ ಎದೆಬಡಿತ ಅದಕ್ಕೂ ಮೊದಲೇ ನಿಂತಿತ್ತು.

ಅಣ್ಣ ಅಳಲಿಲ್ಲ. ವರಾಂಡದ ಕಂಬ ಹಿಡಿದು ನಿಂತಿದ್ದ. ಅವನ ಹತ್ತಿರ ಹೋಗಲು ನನಗೆ ಧೈರ್ಯವಿರಲಿಲ್ಲ. ಸರ್ ತಾವು ಹೇಳುತ್ತೇನೆಂದರು. ಬೇಡ, ನಾನೇ ಹೇಳುತ್ತೇನೆಂದು ಹೋದೆ.

"ಅದ ಔಷಧ ಕೊಟ್ರಿ ಹೌದಲ್ರಿ?" ಎಂದ.

"ಹೌದ್ರಿ. ಅದನ್ನ ಕೊಟ್ವಿ."

"ಆಕಿಗೆ ಹತ್ತಿತು. ನಮ್ಮ ತಂಗಿಗೆ ಯಾಕ ಹತ್ತಲಿಲ್ಲ?"

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ತಡವಾಗಿ ತಂದಿರಿ ಎಂದರೆ ಸಾಕು, ತಪ್ಪು ಅವನ ಮೇಲೆ ಹೋಗುತ್ತಿತ್ತು. ದೇವರ ಇಚ್ಛೆ ಎಂದರೂ ಅವನು ತಲೆ ತಗ್ಗಿಸುತ್ತಿದ್ದ.

"ಝಟಕಾ ನಿಂತ್ವು ರೀ" ಎಂದೆ. "ಆದ್ರ ಇಲ್ಲಿ ಬರೂಕಿಂತ ಮೊದಲ ತಲಿಯೊಳಗ ರಕ್ತದ ನರ ಒಡದಿತ್ತು ಅಂತ ನಮಗ ಅನಸ್ತದ. ಅದಕ್ಕ ಈ ಔಷಧ ಏನೂ ಮಾಡಂಗಿಲ್ಲ. ಈ ಔಷಧ ಕೊಟ್ಟವ್ರೆಲ್ಲಾ ಉಳೀತಾರ ಅಂತ ಯಾರೂ ಹೇಳಾಕ ಬರಂಗಿಲ್ಲ. ಹನ್ನೂರಾಕಿ ಇದರಿಂದನ ಉಳದ್ಲು ಅಂತನೂ ನಾ ಹೇಳಾಕ ಬರಂಗಿಲ್ಲ."

ಕಂಬದ ಮೇಲಿನ ಅವನ ಹಿಡಿತ ಬಿಗಿಯಾಯಿತು. ಹೊಡೆದಾನೇನೋ ಅನ್ನಿಸಿತು.

"ಮೊದಲ ಏನರ ಗೊತ್ತಾಗ್ತಿತ್ತೇನ್ರಿ?"

"ಕಾಲು, ಮುಖ ಬಾತಿರ್ತಾವ. ತಲಿ ನೋಯ್ತದ. ಕಣ್ಣು ಮಂಜಾಗ್ತಾವ. ಆವಾಗ ಬಿ.ಪಿ. ನೋಡಿದ್ರ ಗೊತ್ತಾಗ್ತದ."

ಅವನು ಕಂಬ ಬಿಟ್ಟು ಒಳಗೆ ಹೋದ. ಗಾಡಿ ಹೇಗೂ ಬಂದಿತ್ತು. ಅದರಲ್ಲೇ ತಂಗಿಯನ್ನು ಕರೆದುಕೊಂಡು ಹೋದ.

ಆಮೇಲಿನ ದಿನಗಳು ಕೆಟ್ಟವು. ಸಿಸ್ಟರ್ ಮೆಗ್ನೀಶಿಯಂ ಡಬ್ಬಿಯನ್ನು ಮುಟ್ಟಲೊಲ್ಲರು. ಆಯಾಗಳು ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಸರ್ ಚಹಾ ಕುಡಿಯುತ್ತ, "ಹಳೇದಕ್ಕ ಹೋಗೂಣೇನು?" ಎಂದು ಕೇಳಿದರು. ಚುಚ್ಚಿ ಕೇಳಿದ್ದಲ್ಲ. ಅವರೂ ಹೆದರಿದ್ದರು. ನನಗೂ ಹೂಂ ಎಂದುಬಿಡುವ ಆಸೆ ಬಲವಾಗಿತ್ತು. ಎರಡು ದಿನ ಕೊಡಿರಿ ಎಂದೆ.

ಮೇಡಂ ಹೇಳಿದ್ದ, ನನಗೆ ರುಚಿಸದಿದ್ದ ಮಾತು ಈಗ ಬೇರೆ ಕಡೆಯಿಂದ ಬಂದು ತಟ್ಟಿತು. ಒಬ್ಬಳು ಉಳಿದದ್ದರಿಂದ ಔಷಧ ಗೆಲ್ಲದಿದ್ದರೆ, ಒಬ್ಬಳು ಹೋದದ್ದರಿಂದ ಅದು ಸೋಲುವುದೂ ಇಲ್ಲ. ಇವಳು ಉಳಿದಿದ್ದರೆ ಆ ಹೆಸರನ್ನು ನಾನು ಔಷಧಕ್ಕೆ ಕೊಡುತ್ತಿರಲಿಲ್ಲವೇ? ಕೊಡುತ್ತಿದ್ದೆ, ಕುಣಿದುಕೊಂಡು ಕೊಡುತ್ತಿದ್ದೆ. ಸರ್ ಒಂದು ಸಾವು ಕಂಡು ಇಷ್ಟು ವರ್ಷ ಅದರ ಗೊಡವೆಗೆ ಹೋಗಲಿಲ್ಲ. ನಾನೂ ಈಗ ಅದೇ ಬಾಗಿಲಲ್ಲಿ ನಿಂತಿದ್ದೆ. ಲೆಕ್ಕ ಹಾಗೆ ಹೇಳಿದರೂ ಹೆದರಿಕೆ ಲೆಕ್ಕ ಕೇಳಲಿಲ್ಲ. ಅದನ್ನು ಇಟ್ಟುಕೊಂಡೇ ಕೆಲಸ ಮಾಡಬೇಕು ಅನ್ನಿಸಿತು. ಮೂರನೆಯ ದಿನ ಸರ್‌ಗೆ ಹೇಳಿದೆ: ಇದನ್ನೇ ಕೊಡೋಣ, ಬದಿಗೆ ಕುಳಿತು ನೋಡುವವರು ಇರುವಾಗ ಮಾತ್ರ ಮುಂದಿನ ಡೋಸುಗಳನ್ನು ಕೊಡೋಣ, ಇಲ್ಲದಾಗ ಮೊದಲ ಡೋಸು ಕೊಟ್ಟು ಸೊಲ್ಲಾಪುರಕ್ಕೆ ಕಳಿಸೋಣ. ಅವರು ಖಾಲಿ ಚಹಾದ ಬಸಿಯನ್ನು ತಿರುಗಿಸುತ್ತ ಕುಳಿತಿದ್ದರು. "ಬರೋಬರ್" ಎಂದರು.

ನನ್ನ ಪೋಸ್ಟಿಂಗಿನ ಕೊನೆಯ ವಾರ ಒ.ಪಿ.ಡಿ.ಯಲ್ಲಿ ತಲೆ ಎತ್ತಿದಾಗ ಆ ಅಣ್ಣ ಎದುರಿಗೆ ನಿಂತಿದ್ದ. ತಲೆ ಬೋಳಿಸಿದ್ದರಿಂದ ಮೊದಲು ಗುರುತು ಹತ್ತಲಿಲ್ಲ. ಹತ್ತಿದ ಮೇಲೆ ಎದ್ದು ನಿಂತೆ. ಜಗಳಕ್ಕೆ ಬಂದಿದ್ದಾನೆ ಎಂದೇ ತಿಳಿದೆ. ಅವನು ಪಕ್ಕಕ್ಕೆ ಸರಿದ. ಹಿಂದೆ ಒಬ್ಬ ಬಸುರಿ ಹೆಂಗಸು, ಸೆರಗು ಹೊದ್ದು, ನೆಲ ನೋಡುತ್ತ ನಿಂತಿದ್ದಳು.

"ನನ್ನ ಹೇಣ್ತಿ ರೀ" ಎಂದ. "ಕಾಲು ನೋಡ್ರಿ. ತಂಗೀವೂ ಹಿಂಗ ಬಾತಿದ್ವು. ಆವಾಗ ನಮಗ ತಿಳೀಲಿಲ್ಲ."

ಅವಳನ್ನು ಕೂಡಿಸಿ ತೋಳಿಗೆ ಪಟ್ಟಿ ಸುತ್ತಿದೆ. ಒತ್ತಡ ಏರಿತ್ತು. ಒಮ್ಮೆ ನಂಬದೆ ಮತ್ತೊಮ್ಮೆ ನೋಡಿದೆ, ಅಷ್ಟೇ ಬಂತು. ತಲೆ ನೋಯುತ್ತದೆಯೇ ಎಂದು ಕೇಳಿದೆ. ನಿನ್ನೆಯಿಂದ ಎಂದಳು. ಇವತ್ತೇ ಇಟ್ಟುಕೊಳ್ಳಬೇಕು, ಮನೆಗೆ ಕಳಿಸುವಂತಿಲ್ಲ ಎಂದು ಅವನಿಗೆ ಹೇಳಿದೆ. ಸೊಲ್ಲಾಪುರಕ್ಕೆ ಒಯ್ಯುವುದಾದರೆ ಚೀಟಿ ಕೊಡುತ್ತೇನೆ ಎಂದೂ ಹೇಳಿದೆ, ಒಯ್ಯಲಿ ಎಂದು ಮನಸ್ಸು ಬೇಡುತ್ತಿತ್ತು.

"ಇಲ್ಲೇ ಇರ್ಲಿ" ಎಂದ. ಚಪ್ಪಲಿ ಬಾಗಿಲಾಚೆ ಬಿಟ್ಟು, ವಾರ್ಡಿನ ಗೋಡೆಗೆ ಬೆನ್ನು ಕೊಟ್ಟು ಕುಳಿತ.

ನಾನು ಸಿಸ್ಟರನ್ನು ಕರೆದೆ. ಅವರು ಬಾಗಿಲಲ್ಲಿ ಅವನನ್ನು ನೋಡಿ ನಿಂತುಬಿಟ್ಟರು. ಆಮೇಲೆ ಏನೂ ಕೇಳದೆ ಒಳಗೆ ಹೋಗಿ ಆ ಹೆಂಗಸಿಗೆ ಹಾಸಿಗೆ ಹಾಸಿದರು. ನಾನು ಒತ್ತಡ ಇಳಿಸುವ ಗುಳಿಗೆ ಕೊಟ್ಟು, ಬೇಕಾದೀತೆಂದು ಮೆಗ್ನೀಶಿಯಂ ಟ್ರೇಯನ್ನು ಹತ್ತಿರವಿಟ್ಟು, ಅವಳ ಬದಿಗೆ ಸ್ಟೂಲು ಹಾಕಿಕೊಂಡೆ. ಅವಳಿಗೆ ಫಿಟ್ ಬರಲಿಲ್ಲ. ನಾಲ್ಕನೆಯ ದಿನ ಗಂಡು ಮಗು ಆಯಿತು. ಆ ನಾಲ್ಕು ದಿನವೂ ಅವನು ಆ ಗೋಡೆಯ ಹತ್ತಿರದಿಂದ ಏಳಲಿಲ್ಲ, ನಾನೂ ಹೆದರುವುದನ್ನು ಬಿಡಲಿಲ್ಲ.